ನೀಲಿ ಗೌನಿನ ನೆರಳು

ಅವಲ್ಲೋನ್,
ಶುಕ್ರವಾರ, 29 ಏಪ್ರಿಲ್ 1904

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಬಲಗಣ್ಣಿನ ಪೊರೆ ಬಲಿಯುತ್ತಿದೆಯೆಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ವೈದ್ಯರು ಕೊಟ್ಟ ಹನಿಯನ್ನು ಮರೆಯದೆ ಹಾಕಿಕೊಳ್ಳುತ್ತಿದ್ದೀರೋ, ಆ ಶೀಶೆಯೂ ಕುಂಚಗಳ ನಡುವೆ ಎಲ್ಲೋ ಸೇರಿಹೋಯಿತೋ? ಮಂಡಿನೋವಿರುವಾಗ ಏಣಿ ಹತ್ತಬೇಡಿ ಎಂದು ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಿದ್ದೇನೆ. ಕೆಳಗಿನ ಮನೆಯ ಮಾದಾಮ್ ಪ್ರೂನಿಯೆ ಮಧ್ಯಾಹ್ನದ ಸೂಪನ್ನು ಮೇಲಕ್ಕೆ ತಂದುಕೊಡುತ್ತಾಳೆಯೇ, ಅಥವಾ ಮಾತಿಗೆ ಕೂತು ಆರಿಸಿಬಿಡುತ್ತಾಳೆಯೇ? ಇಲ್ಲಿ ಚೆರ್ರಿ ಮರಗಳು ಹೂಬಿಟ್ಟಿವೆ, ಆದರೂ ಬೆಳಗಿನ ಹೊತ್ತು ಒಲೆ ಹಚ್ಚದೆ ಕೂರುವಂತಿಲ್ಲ. ನಿಮ್ಮ ಅಳಿಯ ಫಿರ್ಮಾಂಗೆ ನೆಗಡಿ, ಶಾಲೆಯ ಹುಡುಗರಿಗೆ ಪಾಠ ಹೇಳುವಾಗ ಪಾಠಕ್ಕಿಂತ ಸೀನುವುದೇ ಹೆಚ್ಚಂತೆ. ಬಾಸ್ತಿಯಾಂಗೆ ಮೊನ್ನೆ ಬುಧವಾರಕ್ಕೆ ಹನ್ನೊಂದು ವಾರ ತುಂಬಿತು. ಕುಡಿಯುತ್ತಾನೆ, ಕಿರುಚುತ್ತಾನೆ, ಮಲಗುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಾನೆ. ಅವನು ಮಲಗದಿದ್ದರೆ ನನಗೆಲ್ಲಿಯ ನಿದ್ದೆ? ಅವನು ಮಲಗಿದ ಅರೆಗಳಿಗೆಯಲ್ಲೂ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಬಗ್ಗಿ ನೋಡುತ್ತ ಕೂತಿರುತ್ತೇನೆ. ಅಕ್ಷರ ವಕ್ರವಾಗಿದ್ದರೆ ನಿದ್ದೆಗೆಟ್ಟ ಕೈ ಎಂದು ಕ್ಷಮಿಸಿ.

ನೀವು ಕರೆದಿದ್ದೀರಿ, ನಾನು ಬರುತ್ತೇನೆಂದು ಮರುಟಪಾಲಿನಲ್ಲೇ ಬರೆದಿದ್ದೇನೆ. ಸೋಮವಾರ ಬೆಳಗಿನ ರೈಲು. ನೀವು ಹೇಳಿದ ಮೂರು ಮಾತೂ ನೆನಪಿವೆ. ಅಮ್ಮನ ನೀಲಿ ಗೌನನ್ನು ತರಬೇಕು, ಒಗೆಯಬಾರದು, ಹೊಲಿಗೆ ಬಿಚ್ಚಬಾರದು, ಇದ್ದ ಹಾಗೆಯೇ ತರಬೇಕು. ಮೂರು ವಾರ ನಿಮ್ಮೆದುರು ಕೂರಬೇಕು. ಬಾಸ್ತಿಯಾಂನನ್ನು ಮಾತ್ರ ತರಬಾರದು. ಅಳುವ ಮಗುವಿನ ಮುಂದೆ ಬೆಳಕು ನಿಲ್ಲುವುದಿಲ್ಲ, ಅವನನ್ನು ಇಲ್ಲೇ ಯಾರಾದರೂ ಹಾಲೂಡಿಸುವ ದಾದಿಯ ಬಳಿ ಬಿಟ್ಟು ಬಾ, ಮೊರ್ವಾಂ ಗುಡ್ಡದಲ್ಲಿ ದಾದಿಯರಿಗೇನು ಬರವೇ ಎಂದು ಬರೆದಿದ್ದಿರಿ. ನನ್ನ ತೊಡೆಯ ಮೇಲೆ ಕೂರಿಸಲು ಏಳು ತಿಂಗಳ ಒಂದು ಗುಂಡುಮಗುವನ್ನು ನೀವಾಗಲೇ ಗೊತ್ತುಮಾಡಿದ್ದೀರಿ, ಅದು ಅಳುವುದೇ ಇಲ್ಲವಂತೆ. ಓದುವಾಗ ನಗು ಬಂತು. ಇದೊಳ್ಳೆ ಅಪ್ಪ, ಮೊಮ್ಮಗನನ್ನು ಬಿಟ್ಟು ಬಾಡಿಗೆ ಮಗುವನ್ನು ಚಿತ್ರಕ್ಕೆ ಹಾಕುತ್ತಾರಲ್ಲ ಎಂದು ಫಿರ್ಮಾಂಗೆ ಹೇಳಿದೆ. ಆ ನಗು ಬಂದಿದ್ದು ಹೋದ ವಾರ.

ಏಕೆ ಒಪ್ಪಿದೆ ಎಂದರೆ, ಆ ಗೋಡೆ ನಿಮಗೆ ಎಷ್ಟು ಮುಖ್ಯವೆಂದು ನನಗಿಂತ ಬಲ್ಲವರಿಲ್ಲ. ಪುರಸಭೆಯ ಮದುವೆ ಸಭಾಂಗಣದ ಇಡೀ ಗೋಡೆ, ಅದರ ನಡುವೆ ಮತ್ತೊಮ್ಮೆ ತಾಯಿ ಮತ್ತು ಮಗು. ಇದೇ ಕೊನೆಯ ದೊಡ್ಡ ಕೆಲಸ ಎಂದು ಬರೆದಿದ್ದಿರಿ. ನಿಮ್ಮ ಕಥೆ ನನಗೆ ಬಾಯಿಪಾಠ, ಅಪ್ಪಾ. ಪೀಪಾಯಿಗಳ ಮೇಲೆ ದ್ರಾಕ್ಷಾರಸದ ಹೆಸರು ಬರೆಯುತ್ತಿದ್ದವನ ಮಗ ನೀವು. ಹದಿನಾರನೇ ವಯಸ್ಸಿಗೆ ಯೋನ್ ನದಿಯಲ್ಲಿ ಸೌದೆಯ ತೆಪ್ಪವೇರಿ, ಒದ್ದೆ ಕಾಲಿನಲ್ಲೇ ಪ್ಯಾರಿಸ್ ಸೇರಿದ್ದು. ರೋಮ್‌ಗೆ ಕಳಿಸುವ ಬಹುಮಾನಕ್ಕೆ ಎರಡು ಸಲ ಕೂತು ಎರಡು ಸಲವೂ ಸೋತಿದ್ದು. ಯಾರೂ ಕೊಳ್ಳದ ಯುದ್ಧದ ಚಿತ್ರಗಳನ್ನು ಬರೆಯುತ್ತ, ಅವುಗಳನ್ನೇ ಕೆರೆದು ಮತ್ತೆ ಅವುಗಳ ಮೇಲೇ ಬರೆಯುತ್ತ ಹದಿನೈದು ವರ್ಷ ಕಳೆದಿದ್ದು. ಆಮೇಲೆ ಬಂದದ್ದು ಆ ಚಿತ್ರ. ನೀಲಿ ಗೌನಿನ ಅಮ್ಮ, ತೊಡೆಯ ಮೇಲೆ ನಾನು, ನನ್ನ ಮುಷ್ಟಿಯಲ್ಲಿ ಒಂದು ಏಪ್ರಿಕಾಟ್ ಹಣ್ಣು. ಮರುವರ್ಷದ ಪ್ರದರ್ಶನದಲ್ಲಿ ಜನ ಅದರ ಮುಂದೆ ಕರವಸ್ತ್ರ ಹಿಡಿದು ನಿಂತರಂತೆ. ಪದಕ ಬಂತು, ಸರ್ಕಾರ ಕೊಂಡುಕೊಂಡಿತು, ಮಂತ್ರಿಗಳ ಹೆಂಡತಿಯರು ಮಕ್ಕಳನ್ನು ಹೊತ್ತು ನಿಮ್ಮ ಮೆಟ್ಟಿಲು ಹತ್ತಿದರು, ಪತ್ರಿಕೆಗಳು ನಿಮ್ಮನ್ನು ತೊಟ್ಟಿಲ ಚಿತ್ರಕಾರನೆಂದು ಕರೆದವು, ಕೋಟಿನ ಮೇಲೆ ಸರ್ಕಾರದ ಗೌರವದ ಕೆಂಪು ಪಟ್ಟಿ ಬಂತು. ಆ ಚಿತ್ರದಲ್ಲಿ ಅಮ್ಮನ ಎದೆಯ ಮೇಲೆ, ನೀಲಿ ಇದ್ದಕ್ಕಿದ್ದಂತೆ ಕಡುವಾಗುವ ಒಂದು ನೆರಳಿದೆಯಲ್ಲ, ಅದನ್ನು ನೋಡಿ ಬರೆದುಕೊಳ್ಳಲೆಂದೇ ವಿದ್ಯಾರ್ಥಿಗಳು ಪೀಠ ಹಾಕಿ ಕೂರುತ್ತಿದ್ದರು. "ಆ ನೆರಳಿಗೆ ಹನ್ನೊಂದು ದಿನ ಹಿಡೀತು ನಂಗೆ," ಎನ್ನುತ್ತಿದ್ದಿರಿ. "ಕಣ್ಣು ಕಾಣದ್ದನ್ನ ನನ್ನ ಕುಂಚ ಮುಟ್ಟಲ್ಲ." ಈಗಿನ ಹುಡುಗರು ನಿಮ್ಮದನ್ನು ಸಾಬೂನು ಡಬ್ಬಿಯ ಚಿತ್ರ ಎಂದು ಆಡಿಕೊಳ್ಳುತ್ತಾರೆಂದು ಕೇಳಿದಾಗ ನಿಮಗಿಂತ ನನಗೇ ಹೆಚ್ಚು ಉರಿದಿತ್ತು.

ನನಗೆ ಆ ಚಿತ್ರವೆಂದರೆ ಏನೆಂದು ನಿಮಗೂ ಗೊತ್ತು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಮುಚ್ಚಿದ ಬಾಗಿಲಾಚೆಯ ಕೆಮ್ಮೊಂದನ್ನು ಬಿಟ್ಟರೆ ಅವರ ನೆನಪೇ ಇಲ್ಲ. ವಸತಿಶಾಲೆಯಲ್ಲಿದ್ದಾಗ ಗುರುವಾರದ ರಜೆಗೆ ಮಿಕ್ಕ ಹುಡುಗಿಯರು ಅವರವರ ಅಮ್ಮಂದಿರ ಮನೆಗೆ ಹೋಗುತ್ತಿದ್ದರು, ನಾನು ಚಿತ್ರಸಂಗ್ರಹಾಲಯಕ್ಕೆ ಹೋಗುತ್ತಿದ್ದೆ. ಒಂದು ಕಾಲು ಕುಂಟುತ್ತಿದ್ದ ಅಲ್ಲಿನ ಕಾವಲುಗಾರ ನನ್ನನ್ನು ಕಂಡರೆ, "ಬಂದ್ಯಾ ಮಗಳೇ? ಹೋಗು, ಅಮ್ಮ ಕಾಯ್ತಾ ಕೂತಿದಾರೆ," ಎನ್ನುತ್ತಿದ್ದ. ಅವನು ತಮಾಷೆಗೆ ಅನ್ನುತ್ತಿದ್ದ, ನಾನು ತಮಾಷೆಯೆಂದು ಎಂದೂ ತೆಗೆದುಕೊಳ್ಳಲಿಲ್ಲ. ಒಮ್ಮೆ ನೀವೂ ಬಂದಿರಿ. ನನಗೆ ಹತ್ತು ವರ್ಷ. ನನ್ನ ಕೈ ಹಿಡಿದು ಚಿತ್ರದ ಹತ್ತಿರಕ್ಕೆ ಕರೆದೊಯ್ದು, "ನೋಡು, ನಿನ್ನ ಪುಟ್ಟ ಮುಷ್ಟಿ. ಅವತ್ತಿಂದ್ಲೂ ನೀನು ಹಿಡಿದಿದ್ದನ್ನ ಬಿಡೋಳಲ್ಲ," ಎಂದು ನಕ್ಕಿರಿ. ನನ್ನ ಮದುವೆಯ ಊಟದಲ್ಲೂ ಲೋಟ ಎತ್ತಿ ಅದನ್ನೇ ಹೇಳಿದಿರಿ, ಒಂದು ತಿಂಗಳ ಕೂಸು ದೇವತೆಯ ಹಾಗೆ ಅಲುಗದೆ ಕೂತಿತ್ತು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಾಸ್ತಿಯಾಂ ಹುಟ್ಟಿದ್ದಕ್ಕೆಂದು ನೀವು ಕಳಿಸಿದ ಆ ಚಿತ್ರದ ದೊಡ್ಡ ಅಚ್ಚುಪ್ರತಿಯನ್ನು ತೊಟ್ಟಿಲ ಮೇಲೆ ತೂಗುಹಾಕಿದ್ದೇನೆ. ಹೀಗಾಗಿ ದಿನವಿಡೀ ಮೇಲೊಂದು ಮಗು, ಕೆಳಗೊಂದು ಮಗು ನೋಡುತ್ತ ಕೂತಿರುತ್ತೇನೆ. ಹೋದ ಶನಿವಾರ ಬಾಸ್ತಿಯಾಂಗೆ ಸ್ನಾನ ಮಾಡಿಸಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ, ಒಂದು ಅಂಗೈ ಬೆನ್ನಿಗೆ, ಇನ್ನೊಂದು ಕತ್ತಿಗೆ. ಕತ್ತಿನ ಕೈ ಒಂದು ಕ್ಷಣ ಸಡಿಲವಾಯಿತು ನೋಡಿ, ತಲೆ ಮಾಗಿದ ಹಣ್ಣಿನ ಹಾಗೆ ವಾಲಿಬಿಟ್ಟಿತು. ಹೆದರಿ ಎದೆಗೆ ಅವುಚಿಕೊಂಡೆ. ಹಾಗೆ ಅವುಚಿಕೊಂಡಾಗ ಕಣ್ಣು ಮೇಲಕ್ಕೆ ಹೋಯಿತು. ಚಿತ್ರದಲ್ಲಿ ಅಮ್ಮನ ಕೈ ಮಗುವಿನ ಕತ್ತಿನ ಹತ್ತಿರವೂ ಇಲ್ಲ. ಮಗು ಬೆನ್ನು ನೆಟ್ಟಗೆ ಮಾಡಿ ಕೂತಿದೆ. ತಟ್ಟೆಗೆ ತಾನೇ ಕೈ ಚಾಚಿ ಹಣ್ಣು ಎತ್ತಿಕೊಂಡಿದೆ. ಕೆಳಗೆ ಮೂಲೆಯಲ್ಲಿ ನಿಮ್ಮ ಸಹಿ, ಜುಲೈ 1879. ನಾನು ಹುಟ್ಟಿದ್ದು ಜುಲೈ ಮೂರಕ್ಕೆ.

ಅಪ್ಪಾ, ಪದಕ ಕೊಟ್ಟ ದೊಡ್ಡವರು, ಬರೆದ ವಿಮರ್ಶಕರು, ಕೊಂಡ ಮಂತ್ರಿ, ಎಲ್ಲರೂ ಗಂಡಸರು. ಇಪ್ಪತ್ತೈದು ವರ್ಷ ಒಬ್ಬರಿಗೂ ಅದು ಹೊಳೆಯಲಿಲ್ಲ. ಕರವಸ್ತ್ರ ಹಿಡಿದು ನಿಂತ ಹೆಂಗಸರಾದರೂ ನೋಡಬಹುದಿತ್ತು ಎನ್ನಬೇಡಿ. ಆ ಹೆಂಗಸರ ಮಕ್ಕಳು ಆ ವಯಸ್ಸಿನಲ್ಲಿ ಅವರ ಮನೆಯಲ್ಲಿ ಇರುತ್ತಿದ್ದವೇ? ಎಲ್ಲವೂ ಮೊರ್ವಾಂ ಗುಡ್ಡದ ದಾದಿಯರ ಮನೆಯಲ್ಲಿದ್ದವು. ಕೂಸಿನ ಕತ್ತು ಎಂದು ನಿಲ್ಲುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಫಿರ್ಮಾಂಗೆ ತೋರಿಸಿದೆ. ಸೀನುತ್ತ, "ಚಿತ್ರ ಕಣೇ ಅದು, ವೈದ್ಯರ ಸರ್ಟಿಫಿಕೇಟ್ ಅಲ್ಲ. ಮಲಕ್ಕೋ ಸ್ವಲ್ಪ," ಎಂದ. ಅತ್ತೆಗೆ ಹೇಳಿದ್ದು ನನ್ನ ತಪ್ಪು. "ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣಿಗೆ ಎದೆಹಾಲು ಕಮ್ಮಿ, ಅನುಮಾನ ಜಾಸ್ತಿ," ಎಂದರು. ಹೊತ್ತುಹೊತ್ತಿಗೆ ನಾನೇ ಹಾಲೂಡಿಸುವುದನ್ನು ಕಂಡರೆ ಅವರಿಗೆ ಮೊದಲೇ ಆಗದು: "ನಿನ್ನ ಎದೇನು ಊರ ಬಾವಿನಾ, ಯಾವಾಗಂದ್ರೆ ಆವಾಗ ಸೇದೋಕೆ? ನನ್ನ ಮೂರೂ ಮಕ್ಳು ದಾದಿ ಮನೇಲೇ ಬೆಳೆದ್ವು, ಒಂದಕ್ಕಾದ್ರೂ ಕೊಂಬು ಬಂದಿದ್ಯಾ?" ನಾನೂ ನನ್ನನ್ನೇ ಸಮಾಧಾನ ಮಾಡಿಕೊಂಡೆ. ಅಪ್ಪ ಜುಲೈನಲ್ಲಿ ಶುರುಮಾಡಿ ಚಳಿಗಾಲದಲ್ಲಿ ಮುಗಿಸಿರಬೇಕು, ನಾನಾಗ ಬೆಳೆದಿರಬೇಕು ಅಂದುಕೊಂಡೆ. ಆದರೆ ಆ ಹಣ್ಣಿನ ಕಥೆಯನ್ನೂ ನೀವೇ ಸಾವಿರ ಸಲ ಹೇಳಿದ್ದೀರಲ್ಲ: ಏಪ್ರಿಕಾಟ್ ಕಾಲ ಮುಗಿಯುವ ಮೊದಲು ಮುಗಿಸಬೇಕೆಂದು ಊಟ ಬಿಟ್ಟು ಬರೆದಿರಿ, ಕೊನೆಯ ಹಣ್ಣು ತಟ್ಟೆಯಲ್ಲೇ ಕೊಳೆಯಿತು. ಹಣ್ಣು ಜುಲೈನದಾದರೆ ಹಣ್ಣು ಹಿಡಿದ ಕೈಯೂ ಜುಲೈನದೇ. ಕಣ್ಣು ಕಾಣದ್ದನ್ನು ನಿಮ್ಮ ಕುಂಚ ಮುಟ್ಟುವುದಿಲ್ಲ.

ಇಷ್ಟಾದರೂ ನಾನು ಪೆಟ್ಟಿಗೆ ಕಟ್ಟುತ್ತಲೇ ಇದ್ದೆ. ಬಾಸ್ತಿಯಾಂನನ್ನು ಬಿಡುವುದಾದರೆ ಫಿಲಿಬೆರ್ತ್ ಬಳಿಯೇ ಬಿಡಬೇಕೆಂದು ಹೇಳಿಕಳಿಸಿದ್ದೆ. ನನ್ನನ್ನು ಸಾಕಿದ ದಾದಿ. ಈಗ ಅವಳ ಸೊಸೆಗೆ ಎಳೆಮಗುವಿದೆ, ಎದೆಯಲ್ಲಿ ಹಾಲಿದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಶನಿವಾರದ ಸಂತೆಯಲ್ಲಿ ಅವಳ ಹತ್ತಿರವೇ ಆಡಿನ ಹಾಲಿನ ಚೀಸ್ ಕೊಳ್ಳುತ್ತೇನೆ. ಆದರೆ ಹಳೆಯದನ್ನು ನಾನು ಕೇಳಿದವಳಲ್ಲ, ಅವಳು ಹೇಳಿದವಳಲ್ಲ. ನನಗೆ ಒಂದು ವರ್ಷ ತುಂಬಿದ ಮೇಲೆ, ಅಮ್ಮನ ಕೆಮ್ಮು ಶುರುವಾದಾಗ ಕಳಿಸಿದೆವು ಎಂದು ನೀವು ಹೇಳಿದ್ದಿರಿ; ಹಾಗೆಯೇ ನಂಬಿದ್ದೆ.

ಬುಧವಾರ ಮಧ್ಯಾಹ್ನ ಬಂದಳು. ಮರದ ಮೆಟ್ಟನ್ನು ಹೊರಗೇ ಬಿಟ್ಟಿದ್ದಳು; ಬುಟ್ಟಿಯ ತುಂಬ ಮೊಟ್ಟೆ, ಅದರಡಿ ಬಟ್ಟೆಯಲ್ಲಿ ಸುತ್ತಿದ ಒಂದು ಹಳೇ ಪುಸ್ತಕ. ಅತ್ತೆಯ ಎದುರು ಬುಟ್ಟಿ ಇಳಿಸಿ, "ಮೊದ್ಲು ಇದನ್ನ ನೋಡಿಬಿಡಿ ಮಾದಾಮ್. ಸರ್ಕಾರದ ಪುಸ್ತಕ. ತಿಂಗ್ಳುತಿಂಗ್ಳು ಡಾಕ್ಟ್ರು ಬಂದು ಕೂಸು ತೂಕ ಮಾಡಿ ಸಹಿ ಹಾಕಿದಾರೆ. ನಮ್ಮನೇಲಿ ಸತ್ತ ಕೂಸಿಲ್ಲ," ಎಂದಳು. ಆಮೇಲೆ ಬಾಸ್ತಿಯಾಂನನ್ನು ಎತ್ತಿಕೊಂಡು ಅವನ ತೊಡೆಯನ್ನು ಹಿಂಡಿ, "ಬೆಣ್ಣೆ, ಬೆಣ್ಣೆ!" ಎಂದು ಮುದ್ದಾಡಿದಳು. ಅವನು ಅವಳ ಟೋಪಿಯ ದಾರ ಚೀಪತೊಡಗಿದ. ಹಾಗೆ ನಿಂತವಳು ತಲೆ ಎತ್ತಿ ಗೋಡೆ ನೋಡಿದಳು. "ಇದ್ಯಾರ ಕೂಸವ್ವಾ? ಚೆನ್ನಾಗೈತೆ."

"ನಾನೇ," ಎಂದೆ.

ಅವಳು ಗೊಳ್ಳೆಂದು ನಕ್ಕಳು. "ನೀನಾ? ಹೋಗವ್ವಾ! ನೀನು ನನ್ನ ಕೈಗೆ ಬಂದಾಗ ಚರ್ಮ ಸುಲಿದ ಮೊಲ ಇದ್ದಂಗಿದ್ದೆ. ಒಂಬತ್ತು ದಿನದ ಕೂಸು. ಇದು ನೋಡು, ಹಲ್ಲು ಬರೋ ಹೊತ್ತಿನ ಮಗು, ಜೊಲ್ಲು ಸೋರ್ತೈತೆ." ನನ್ನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು. ಅತ್ತೆ ಕೈಲಿದ್ದ ಪುಸ್ತಕವನ್ನು ನಾನು ಕಿತ್ತುಕೊಂಡೆ ಎಂದೇ ಹೇಳಬೇಕು. ಮೊದಲ ಪುಟ. ಸೊಲಾಂಜ್, ಚಿತ್ರಕಾರ ಆನ್ಸೆಲ್ಮ್ ವೊಕೂರ್ ಅವರ ಮಗಳು. ಒಪ್ಪಿಸಿದ್ದು 1879ರ ಜುಲೈ ಹನ್ನೆರಡು. ಕೊನೆಯ ಪುಟ, ಹಿಂದಕ್ಕೆ ಒಪ್ಪಿಸಿದ್ದು 1882ರ ಆಗಸ್ಟ್. ನಡುವೆ ಮೂರು ವರ್ಷ, ತಿಂಗಳಿಗೊಂದು ಸಹಿ, ಒಂದೂ ತಪ್ಪಿಲ್ಲ.

ಆಮೇಲೆ ಅವಳು ಕೂತು ಮೆಲ್ಲಗೆ ಹೇಳಿದ್ದನ್ನು ನಾನು ಬಿಡದೆ ಬರೆಯುತ್ತೇನೆ; ನೀವು ಓದಬೇಕು. "ನಿಮ್ಮಮ್ಮ ಮಾದಾಮ್ ಕ್ಲೋತಿಲ್ದ್ ನಿನ್ನ ಬಿಡ್ಲೇ ಇಲ್ಲ ಅವತ್ತು. ನಿಮ್ಮಪ್ಪಾನೇ ಬೆರಳು ಬಿಡಿಸಿ ಕೊಟ್ಟಿದ್ದು. 'ಬಣ್ಣದ ವಾಸನೆ ಕೂಸಿಗಾಗಲ್ಲ, ಕೂಸಿನ ಅಳು ಬಣ್ಣಕ್ಕಾಗಲ್ಲ' ಅಂದ್ರು. ಹಾಲು ಬತ್ತಲಿ ಅಂತ ಅವರೆದೆಗೆ ಬಟ್ಟೆ ಬಿಗಿದಿದ್ರು. ಆಮೇಲೆ ವಾರಕ್ಕೊಂದು ಕಾಗ್ದ. ನಂಗೆ ಓದಕ್ಕೆ ಬರಲ್ವಲ್ಲ, ಮೇಷ್ಟ್ರು ಓದೋರು. ಕೂಸು ಹೊಟ್ಟೆ ತುಂಬ ಕುಡೀತಾ, ಯಾವ ಮಗ್ಗುಲಲ್ಲಿ ಮಲಗುತ್ತೆ, ಇದೇ. ಒಂದ್ಸಲ ಬರೆದಿದ್ರು, ನಂಗಿಲ್ಲಿ ಬೇರೆಯೋರ ಮಗೀನ ಹಿಡ್ಕಂಡು ಕೂರೋ ಕೆಲಸ, ಬೆಳಗಿಂದ ಮಧ್ಯಾಹ್ನದ ತಂಕ, ಅಂತ. ಮೇಷ್ಟ್ರು ಅದನ್ನ ಎರಡು ಸಲ ಓದಿದ್ರು, ತಪ್ಪು ಓದಿದ್ನೇನೋ ಅಂತ." ಅಮ್ಮ ಒಂದೇ ಒಂದು ಸಲ ಗುಡ್ಡಕ್ಕೆ ಬಂದಿದ್ದರಂತೆ, ನನಗೆ ಎರಡು ತುಂಬಿದಾಗ. ನಾನು ಫಿಲಿಬೆರ್ತ್‌ಳ ಲಂಗದ ಹಿಂದೆ ಅವಿತು ಹೊರಗೇ ಬರಲಿಲ್ಲವಂತೆ. ಅಮ್ಮ ತಂದಿದ್ದ ಸಕ್ಕರೆಯ ಕೋಳಿಯನ್ನು ಕಿಟಕಿಯ ಮೇಲಿಟ್ಟು ಹೋದರಂತೆ.

ಅವಳ ಮಗನ ವಿಷಯ ಕೇಳಿದೆ, ನನ್ನ ಓರಗೆಯವನು. "ಅವ್ನಾ? ನನ್ನ ಹಾಲು ನೀನು ಕುಡಿದೆ, ಅವನು ಆಡಿನ ಹಾಲು ಕುಡಿದ. ಬದುಕ್ಕಂಡ. ಆದ್ರೆ ಇವತ್ತಿಗೂ ಆಡು ಕಂಡ್ರೆ 'ಅವ್ವಾ' ಅಂತಾನೆ ಬಡ್ಡಿಮಗ, ನನ್ನ ಹಂಗ್ಸಕ್ಕೆ," ಎಂದು ನಕ್ಕಳು. ನಾನು ಬಾಸ್ತಿಯಾಂನನ್ನು ಕಳಿಸಿದರೆ ಆಡಿನ ಹಾಲಿಗೆ ಬೀಳುವುದು ಈಗ ಅವಳ ಮೊಮ್ಮಗು. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ, ಅಪ್ಪಾ. ಆ ಮಟ್ಟಿಗೆ ನಾನೂ ನಿಮ್ಮ ಮಗಳೇ.

ದಾದಿಯ ಮನೆಗೆ ಕಳಿಸಿದಿರೆಂದು ನನಗೆ ಸಿಟ್ಟಿಲ್ಲ. ಎಲ್ಲರೂ ಕಳಿಸುತ್ತಿದ್ದರು, ರೊಟ್ಟಿ ಅಂಗಡಿಯವಳೂ ಕಳಿಸುತ್ತಿದ್ದಳು, ಎಷ್ಟೋ ಕೂಸುಗಳು ಹಿಂದಕ್ಕೆ ಬರಲೇ ಇಲ್ಲ; ನಾನು ಕೆಂಪುಕೆನ್ನೆ ಹೊತ್ತು ಬಂದೆ. ಕಳಿಸಿದೆ ಎಂದಿದ್ದರೆ ಮುಗಿಯುತ್ತಿತ್ತು. ನೀವು ಹೇಳಿದ್ದು ಬೇರೆ. ಬೇರೆ ಮಗುವಿನ ಮುಷ್ಟಿ ತೋರಿಸಿ ನಿನ್ನದೆಂದಿರಿ. ಗುರುವಾರ ಗುರುವಾರ ನಾನು ಯಾರದೋ ಮಗುವಿನ ಜಾಗದಲ್ಲಿ ನಿಂತು ಅಮ್ಮನ ಮುಖ ನೋಡುತ್ತಿದ್ದೆ, ನನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ನೀವು ಅದನ್ನು ಬಲ್ಲಿರಿ, ಬಲ್ಲವರಾಗಿ ಸುಮ್ಮನಿದ್ದಿರಿ. ಅಥವಾ ಹೇಳಿ ಹೇಳಿ ನಿಮಗೇ ನಿಜವಾಗಿಬಿಟ್ಟಿತೋ? ಇಲ್ಲದಿದ್ದರೆ ಈ ಸಲವೂ ಅದೇ ಗೌನು, ಅದೇ ಭಂಗಿ, ಹೊರಗಿನ ಮಗು, ಮನೆಯ ಮಗು ದಾದಿಯ ಬಳಿಗೆ ಎಂದು ಒಂದೇ ಉಸಿರಿನಲ್ಲಿ ನನಗೇ ಬರೆಯಲು ನಿಮ್ಮ ಕೈ ಹೇಗೆ ಬರುತ್ತಿತ್ತು?

ಆ ಮಗುವಿನ ಹೆಸರು ನೆನಪಿದ್ದರೆ ಬರೆಯಿರಿ. ಹುಡುಗನೋ ಹುಡುಗಿಯೋ, ಯಾರ ಮಗುವೋ, ಈಗ ಬದುಕಿದೆಯೋ. ನನಗೆ ಸಿಗಬೇಕಾದ ತೊಡೆ ಅದಕ್ಕೆ ಸಿಕ್ಕಿತು, ಅದರದೇನು ತಪ್ಪು? ಹಣ್ಣನ್ನಾದರೂ ತಿನ್ನಲು ಬಿಟ್ಟಿರಾ, ಅಥವಾ ಚಿತ್ರ ಮುಗಿಯುವವರೆಗೆ ಕಿತ್ತುಕೊಳ್ಳುತ್ತಿದ್ದಿರಾ?

ಪೆಟ್ಟಿಗೆ ಇನ್ನೂ ಬಾಗಿಲ ಬಳಿಯೇ ಇದೆ. ಫಿಲಿಬೆರ್ತ್ ಎರಡು ದಿನದಿಂದ ನಮ್ಮ ಅಡುಗೆಮನೆಯಲ್ಲೇ ಮಲಗುತ್ತಿದ್ದಾಳೆ. ಏನು ಮಾಡಲಿ ಎಂದು ಅವಳು ಕೇಳುವುದಿಲ್ಲ, ಈರುಳ್ಳಿ ಹೆಚ್ಚುತ್ತಾಳೆ. ಅತ್ತೆ ಮಾತ್ರ ಕೇಳುತ್ತಲೇ ಇದ್ದಾರೆ. ಫಿರ್ಮಾಂ ನಿಮಗೆ ವಂದನೆ ತಿಳಿಸಿದ್ದಾನೆ. ಹನಿ ಹಾಕಿಕೊಳ್ಳಿ. ಏಣಿಯ ಮೇಲೆ ನಿಂತಾಗ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ. ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಣೆದಿದ್ದೇನೆ, ಬೇರೆ ಟಪಾಲಿನಲ್ಲಿ ಬರುತ್ತವೆ. ದೇವರು ನಿಮ್ಮ ಕಣ್ಣನ್ನು ಕಾಪಾಡಲಿ ಎಂದು ಇವತ್ತೂ ಬೇಡಿಕೊಂಡೆ, ಅಭ್ಯಾಸ ಬಿಡುವುದಿಲ್ಲ.

ನಿಮ್ಮ ಮಗಳು,
ಸೊಲಾಂಜ್

ತಾ.ಕ. — ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಈಗಷ್ಟೇ ಅಮ್ಮನ ಗೌನನ್ನು ಪೆಟ್ಟಿಗೆಯಿಂದ ತೆಗೆದು ತೊಟ್ಟುನೋಡಿದೆ. ಹಾಲು ತುಂಬಿದ ಎದೆಗೆ ಬಿಗಿ. ಬಿಚ್ಚಬೇಡ ಎಂದಿದ್ದಿರಿ, ಎಡಮಗ್ಗುಲ ಹೊಲಿಗೆಯನ್ನು ಒಂದು ಬೆರಳಿನಷ್ಟು ಬಿಚ್ಚಿದೆ. ಒಳಗೆ ಅಸ್ತರಿಗೂ ಬಟ್ಟೆಗೂ ನಡುವೆ ನಾಲ್ಕು ಮಡಿಕೆಯ ಒಂದು ನಾರುಬಟ್ಟೆಯ ತುಂಡು, ಸಣ್ಣ ಸಣ್ಣ ಹೊಲಿಗೆ, ಅವಸರದ ಕೈ. ಹಳದಿ ಕಟ್ಟಿಹೋಗಿದೆ. ನನ್ನ ಕುಪ್ಪಸದೊಳಗೂ ಈಗ ಅಂಥದೇ ಇದೆ, ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದೂ ಸಾಲದೆ ಹಾಲು ನೀಲಿಯವರೆಗೂ ಹಾಯ್ದಿದೆ, ಪೇರುಹಣ್ಣಿನ ಆಕಾರದ ಒಂದು ಕಲೆ. ಗೌನನ್ನು ಹಿಡಿದು ತೊಟ್ಟಿಲ ಬಳಿ ನಿಂತು ಚಿತ್ರದ ಜೊತೆ ಹೋಲಿಸಿದೆ. ಅದೇ ಜಾಗ, ಅದೇ ಆಕಾರ. ಚಿತ್ರದಲ್ಲಿ ಕಿಟಕಿ ಇರುವುದು ಅಮ್ಮನ ಎಡಕ್ಕೆ, ಬೆಳಕು ಬೀಳುವುದು ಆ ಎದೆಯ ಮೇಲೆಯೇ. ಅಲ್ಲಿ ನೆರಳು ಬೀಳುವುದು ಸಾಧ್ಯವೇ ಇಲ್ಲವೆಂದು ಚಿತ್ರಕಾರನ ಮಗಳಿಗೆ ಇಷ್ಟು ವರ್ಷ ಹೊಳೆಯದೆ ಹೋಯಿತಲ್ಲ.

ನಾನು ಸೋಮವಾರ ಬರುವುದಿಲ್ಲ. ನಿಲ್ದಾಣಕ್ಕೆ ಯಾರನ್ನೂ ಕಳಿಸಬೇಡಿ. ಫಿಲಿಬೆರ್ತ್ ನಾಳೆ ಬರಿಗೈಲಿ ಗುಡ್ಡ ಹತ್ತುತ್ತಾಳೆ. ಗೌನು ನನ್ನ ಬಳಿಯೇ ಇರುತ್ತದೆ.

ಹನ್ನೊಂದು ದಿನ, ಅಪ್ಪಾ. ಬೇರೆ ಮಗುವನ್ನು ಹಿಡಿದು ಕೂತ ಅಮ್ಮನ ಎದೆ ನನಗಾಗಿ ಸೋರುತ್ತಿತ್ತು, ನೀವು ಹನ್ನೊಂದು ದಿನ ಎದುರಿಗೆ ನಿಂತು ಅದಕ್ಕೆ ಸರಿಯಾದ ನೀಲಿ ಕಲಸುತ್ತಿದ್ದಿರಿ. ಕಣ್ಣು ಕಾಣದ್ದನ್ನು ನಿಮ್ಮ ಕುಂಚ ಮುಟ್ಟುವುದಿಲ್ಲ. ನೀವು ನೋಡಿದ್ದಿರಿ.

ಬಾಸ್ತಿಯಾಂ ಎದ್ದ.